ಕೆಲಸ ಕೊಡಿಸೋರಿಗೆ ದುಡ್ಡು ಕೊಡೋರು ಯಾರು? ಅರವತ್ತು ವರ್ಷ ದಾಟಿದ ಒಂದು ಏಜೆನ್ಸಿಯ ಲೆಕ್ಕ

 

ಇವತ್ತಿನ ವಿಷಯ ಕನ್ಸಲ್ಟೆನ್ಸಿ. ಡಿಗ್ರಿ ಮುಗಿಸಿ ಕೆಲಸ ಹುಡುಕ್ತಿರೋ ಯಾರ ಜೊತೆ ಮಾತಾಡಿದ್ರೂ ಐದು ನಿಮಿಷದೊಳಗೆ ಈ ಪದ ಬಂದೇ ಬರುತ್ತೆ. "ಕನ್ಸಲ್ಟೆನ್ಸಿಯಿಂದ ಫೋನ್ ಬಂದಿತ್ತು", "ಕನ್ಸಲ್ಟೆನ್ಸಿಗೆ ರೆಸ್ಯೂಮೆ ಕಳ್ಸಿದೀನಿ", "ಕನ್ಸಲ್ಟೆನ್ಸಿಯವರು ಎರಡು ಸಾವಿರ ಕಟ್ಟಿ ಅಂದ್ರು". ಈ ಮೂರನೇ ಮಾತಿದೆಯಲ್ಲ, ಇವತ್ತಿನ ಸಂಚಿಕೆ ಅದರ ಸುತ್ತಾನೇ ಇದೆ.

ಪ್ರಶ್ನೆ ಸರಳವಾದದ್ದು. ಕೆಲಸ ಬೇಕಾದವರು ಒಂದು ಕಡೆ, ಕೆಲಸದವರು ಬೇಕಾದ ಕಂಪನಿ ಇನ್ನೊಂದು ಕಡೆ. ಮಧ್ಯದಲ್ಲಿ ನಿಂತಿರೋರು ಯಾರ ಪರ? ನಾನು ಬಿ.ಕಾಂ ಓದಿದ್ರಿಂದ ನನಗೊಂದು ಚಟ ಅಂಟಿಕೊಂಡಿದೆ. ಯಾರು ಯಾರ ಪರ ಅಂತ ಗೊತ್ತಾಗ್ಬೇಕಾದ್ರೆ ಅವರು ಏನು ಹೇಳ್ತಾರೆ ಅನ್ನೋದಕ್ಕಿಂತ ಮೊದಲು ಅವರಿಗೆ ದುಡ್ಡು ಎಲ್ಲಿಂದ ಬರುತ್ತೆ ಅಂತ ನೋಡೋದು. ಇವತ್ತು ಆ ಚಟ ತೀರಿಸಿಕೊಳ್ಳೋಕೆ ಇಂಗ್ಲೆಂಡಿನ ಒಂದು ಕಂಪನಿ ಕಥೆ ತಂದಿದ್ದೀನಿ. ಹೆಸರು ರೀಡ್. ಅರವತ್ತು ವರ್ಷಕ್ಕಿಂತ ಹೆಚ್ಚು ಹಳೇದು, ಇವತ್ತಿಗೂ ಅದೇ ಕುಟುಂಬದ ಕೈಯಲ್ಲಿದೆ. ಇಷ್ಟು ವರ್ಷದಲ್ಲಿ ಈ ಧಂದೆಯಲ್ಲಿ ದುಡ್ಡು ಬರೋ ದಾರಿಗಳು ಎಷ್ಟಿವೆಯೋ ಹೆಚ್ಚುಕಡಿಮೆ ಅಷ್ಟನ್ನೂ ಈ ಒಂದೇ ಕಂಪನಿ ನೋಡಿದೆ. ಅದಕ್ಕೇ ಇದನ್ನ ಆರಿಸಿಕೊಂಡೆ.

ಶುರು ಮಾಡೋಣ.

75 ಪೌಂಡಿನ ಅಂಗಡಿ

1960ರ ಮೇ 7. ಲಂಡನ್ನಿನ ಪಶ್ಚಿಮಕ್ಕೆ, ಹೀಥ್ರೂ ವಿಮಾನ ನಿಲ್ದಾಣದ ಹತ್ತಿರ ಹೌನ್ಸ್ಲೋ ಅನ್ನೋ ಊರಿದೆ. ಅಲ್ಲಿ ಅಲೆಕ್ ರೀಡ್ ಅನ್ನೋ 26 ವರ್ಷದ ಹುಡುಗ ಒಂದು ಎಂಪ್ಲಾಯ್ಮೆಂಟ್ ಏಜೆನ್ಸಿ ತೆರೀತಾನೆ. ಅದಕ್ಕೂ ಮೊದಲು ಅವನು ಜಿಲೆಟ್ ಕಂಪನಿಯಲ್ಲಿದ್ದ. ಹೌದು, ಅದೇ ಶೇವಿಂಗ್ ಬ್ಲೇಡಿನ ಜಿಲೆಟ್. ಓದಿದ್ದು ಕಾಸ್ಟ್ ಅಕೌಂಟಿಂಗ್ ಕಡೆಯದು, ಅಂದ್ರೆ ನಮ್ಮ ಜಾತಿಯವನೇ, ಕಾಮರ್ಸ್ ಜಾತಿ. ಕೈಯಲ್ಲಿದ್ದ ಬಂಡವಾಳ 75 ಪೌಂಡ್.

75 ಪೌಂಡಲ್ಲಿ ಏನು ಬಿಸಿನೆಸ್ ಮಾಡೋಕಾಗುತ್ತೆ ಅಂತ ಕೇಳಬಹುದು. ಈ ಧಂದೆಯ ಸ್ವಭಾವವೇ ಹಾಗೆ. ಗೋಡೌನ್ ಬೇಡ, ಮಷೀನ್ ಬೇಡ, ಸ್ಟಾಕ್ ಬೇಡ. ಒಂದು ರೂಮು, ಒಂದು ಮೇಜು, ಒಂದು ಫೋನು, ಒಂದು ಕಾರ್ಡ್ ಇಂಡೆಕ್ಸ್ ಇದ್ರೆ ಆಯ್ತು. ಇಂಥ ಕಂಪನಿಗೆ ಟೈಪಿಸ್ಟ್ ಬೇಕು, ಇಂಥ ಹುಡುಗಿಗೆ ಟೈಪಿಂಗ್ ಬರುತ್ತೆ. ಎರಡೂ ಕಾರ್ಡನ್ನ ಪಕ್ಕಪಕ್ಕ ಇಡೋದೇ ವ್ಯಾಪಾರ.

ಕಾಲವೂ ಅನುಕೂಲವಾಗಿತ್ತು. ಆಗ ಬ್ರಿಟನ್ನಿನಲ್ಲಿ ನಿರುದ್ಯೋಗ ಶೇ. 2ರ ಆಸುಪಾಸಲ್ಲಿತ್ತು. ಅಂದ್ರೆ ಕೆಲಸ ಸಿಗೋದು ಕಷ್ಟ ಅಲ್ಲ, ಕೆಲಸದವರು ಸಿಗೋದು ಕಷ್ಟ. ಕಂಪನಿಗಳೇ ಜನ ಬೇಕು ಅಂತ ಅಲೀತಿದ್ವು. ಹೀಗಾಗಿ ದುಡ್ಡು ಕೊಡೋಕೆ ಕಂಪನಿಗಳು ತಯಾರಿದ್ವು. ಈ ಪಾಯಿಂಟ್ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಸರ್ಕಾರದ ಕಡೆಯಿಂದ ಕೆಲಸ ಕೊಡಿಸೋ ವ್ಯವಸ್ಥೆ ಅಲ್ಲಿ ಆಗಲೇ ಐವತ್ತು ವರ್ಷದಷ್ಟು ಹಳೇದು. 1909ರಲ್ಲಿ ಲೇಬರ್ ಎಕ್ಸ್‌ಚೇಂಜ್ ಕಾಯ್ದೆ ಬಂತು, 1910ರ ಫೆಬ್ರವರಿಯಲ್ಲಿ ಬಾಗಿಲು ತೆರೀತು. ಅದನ್ನ ತಂದ ಮಂತ್ರಿ ಯಾರು ಗೊತ್ತಾ? ವಿನ್‌ಸ್ಟನ್ ಚರ್ಚಿಲ್.

ಇಲ್ಲೊಂದು ಕಾಕತಾಳೀಯ ಹೇಳ್ಲೇಬೇಕು. ರೀಡ್ ಅಂಗಡಿ ತೆರೆದ ಅದೇ ತಿಂಗಳು, ಸರಿಯಾಗಿ 6 ದಿನ ಮೊದಲು, 1960ರ ಮೇ 1ರಂದು ನಮ್ಮ ದೇಶದಲ್ಲಿ ಒಂದು ಕಾಯ್ದೆ ಜಾರಿಗೆ ಬಂತು. ಖಾಲಿ ಹುದ್ದೆಗಳನ್ನ ಉದ್ಯೋಗ ವಿನಿಮಯ ಕೇಂದ್ರಕ್ಕೆ ಕಡ್ಡಾಯವಾಗಿ ತಿಳಿಸಬೇಕು ಅನ್ನೋ 1959ರ ಕಾಯ್ದೆ. ನಿಮ್ಮ ಅಪ್ಪನೋ ಮಾವನೋ ಎಸ್ಸೆಸ್ಸೆಲ್ಸಿ ಆದ ಮೇಲೆ ಜಿಲ್ಲಾ ಕೇಂದ್ರಕ್ಕೆ ಬಸ್ಸಲ್ಲಿ ಹೋಗಿ, ಕ್ಯೂನಲ್ಲಿ ನಿಂತು ಎಂಪ್ಲಾಯ್ಮೆಂಟ್ ಎಕ್ಸ್‌ಚೇಂಜ್ ಕಾರ್ಡ್ ಮಾಡಿಸಿದ ಕಥೆ ಹೇಳಿರ್ತಾರೆ, ಕೇಳಿ ನೋಡಿ. ಆ ಕಾಯ್ದೆ ಪ್ರಕಾರ 25 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರೋ ಖಾಸಗಿ ಸಂಸ್ಥೆ ಕೂಡ ಖಾಲಿ ಹುದ್ದೆ ತಿಳಿಸಬೇಕಿತ್ತು. ಆದ್ರೆ ಆ ಕೇಂದ್ರದ ಮೂಲಕವೇ ಜನರನ್ನ ತಗೋಬೇಕು ಅನ್ನೋ ಕಡ್ಡಾಯ ಇರಲಿಲ್ಲ. ಹೇಳೋದು ಕಡ್ಡಾಯ, ಕೊಡೋದು ಅವರಿಷ್ಟ. ಹಾಗಾಗಿ ಕಾರ್ಡುಗಳು ಬೀರುವಿನಲ್ಲಿ ಉಳಿದ್ವು, ಖಾಸಗಿ ಕೆಲಸದ ಬಾಗಿಲಿಗೆ ನಿಧಾನವಾಗಿ ಕನ್ಸಲ್ಟೆನ್ಸಿಗಳು ಬಂದು ನಿಂತ್ವು.

ಮೊದಲ ದಾರಿ: ಕಂಪನಿ ಕೊಡೋ ಫೀ

ಈಗ ದುಡ್ಡಿನ ದಾರಿ ಒಂದೊಂದಾಗಿ ನೋಡೋಣ.

ಕಾಯಂ ಕೆಲಸಕ್ಕೆ ಜನ ಕೊಟ್ರೆ ಏಜೆನ್ಸಿಗೆ ಕಂಪನಿಯಿಂದ ಫೀ. ಸಾಮಾನ್ಯವಾಗಿ ಅದು ಸೇರಿದವರ ವರ್ಷದ ಸಂಬಳದ ಇಷ್ಟು ಪರ್ಸೆಂಟ್ ಅಂತ ಇರುತ್ತೆ. ನಮ್ಮಲ್ಲಿ ಬಹಳ ಕೇಳಿಬರೋ ಲೆಕ್ಕ ಶೇ. 8.33. ಏನಿದು ವಿಚಿತ್ರ ನಂಬರ್ ಅಂದ್ಕೊಬೇಡಿ, 100ನ್ನ 12ರಿಂದ ಭಾಗಿಸಿ ನೋಡಿ. ಒಂದು ತಿಂಗಳ ಸಂಬಳ, ಅಷ್ಟೇ. ನಿಮ್ಮ ಸಿಟಿಸಿ 6 ಲಕ್ಷ ಇದ್ರೆ ಏಜೆನ್ಸಿಗೆ 50 ಸಾವಿರ.

ಈ ಒಪ್ಪಂದದಲ್ಲಿ ಇನ್ನೊಂದು ಷರತ್ತು ಇರುತ್ತೆ. ಸೇರಿದವರು ಇಷ್ಟು ದಿನದೊಳಗೆ, ಎಷ್ಟೋ ಕಡೆ 90 ದಿನ, ಬಿಟ್ಟು ಹೋದ್ರೆ ಏಜೆನ್ಸಿ ಇನ್ನೊಬ್ಬರನ್ನ ಪುಕ್ಕಟೆಯಾಗಿ ಹುಡುಕಿ ಕೊಡಬೇಕು, ಇಲ್ಲಾಂದ್ರೆ ಫೀ ವಾಪಸ್. ಈಗ ಅರ್ಥ ಆಯ್ತಾ, ಹೊಸ ಕೆಲಸಕ್ಕೆ ಸೇರಿದ ಮೊದಲ ಮೂರು ತಿಂಗಳು ಕನ್ಸಲ್ಟೆನ್ಸಿಯವರು "ಹೇಗಿದೆ ಕೆಲಸ, ಎಲ್ಲಾ ಆರಾಮಾ?" ಅಂತ ಅಷ್ಟು ಪ್ರೀತಿಯಿಂದ ಯಾಕೆ ವಿಚಾರಿಸ್ತಾರೆ ಅಂತ? ನಾಲ್ಕನೇ ತಿಂಗಳಿಂದ ಆ ಪ್ರೀತಿ ಯಾಕೆ ಕಮ್ಮಿ ಆಗುತ್ತೆ ಅಂತ? ಅವರ ಮೇಲೆ ಸಿಟ್ಟು ಮಾಡ್ಕೊಳ್ಳೋ ಅಗತ್ಯ ಇಲ್ಲ. ಅವರ ಗ್ರಾಹಕ ಕಂಪನಿ. ನಾವು ಗ್ರಾಹಕರಲ್ಲ, ಅಷ್ಟು ತಿಳ್ಕೊಂಡ್ರೆ ಸಾಕು.

ಹಾಗಾದ್ರೆ ನಾವೇ ದುಡ್ಡು ಕೊಟ್ಟು ಗ್ರಾಹಕರಾದ್ರೆ ಏಜೆನ್ಸಿ ನಮ್ಮ ಪರ ಆಗುತ್ತಾ? ಕೇಳೋಕೆ ಲಾಜಿಕಲ್ ಅನ್ಸುತ್ತೆ. ಚರಿತ್ರೆ ಹೇಳೋದು ಉಲ್ಟಾ. ಕೆಲಸ ಹುಡುಕೋರ ಹತ್ತಿರ ಫೀ ತಗೊಳ್ಳೋ ಏಜೆನ್ಸಿಗೆ ನಿಮಗೆ ಕೆಲಸ ಸಿಗಬೇಕು ಅನ್ನೋ ಅವಸರ ಇರಲ್ಲ. ಫೀ ಆಗಲೇ ಜೇಬಿಗೆ ಬಿದ್ದಿರುತ್ತೆ. ಕೆಲಸ ಇಲ್ಲದವರು ಎಷ್ಟು ಹೆಚ್ಚಿದ್ರೆ ಅಷ್ಟು ವ್ಯಾಪಾರ. ಅಂದ್ರೆ ಬರಗಾಲದಲ್ಲಿ ನೀರು ಮಾರಿದ ಹಾಗೆ.

ಬ್ರಿಟನ್ 1973ರಲ್ಲಿ ಎಂಪ್ಲಾಯ್ಮೆಂಟ್ ಏಜೆನ್ಸೀಸ್ ಕಾಯ್ದೆ ತಂದು ಇದಕ್ಕೆ ಗೆರೆ ಎಳೀತು. ಕೆಲಸ ಹುಡುಕಿ ಕೊಟ್ಟಿದ್ದಕ್ಕೆ ಕೆಲಸ ಹುಡುಕೋರಿಂದ ದುಡ್ಡು ತಗೊಳ್ಳೋ ಹಾಗಿಲ್ಲ. ನಟನೆ, ಮಾಡೆಲಿಂಗ್ ಥರದ ಕೆಲವು ಕ್ಷೇತ್ರಕ್ಕೆ ಮಾತ್ರ ವಿನಾಯಿತಿ. ಆಮೇಲೆ 1997ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ತನ್ನ 181ನೇ ಒಡಂಬಡಿಕೆಯಲ್ಲಿ ಇದೇ ತತ್ವ ಬರೀತು: ಖಾಸಗಿ ಏಜೆನ್ಸಿ ಕೆಲಸಗಾರರಿಂದ ನೇರವಾಗಲಿ, ಸುತ್ತು ಬಳಸಿ ಆಗಲಿ ಫೀ ವಸೂಲಿ ಮಾಡಬಾರದು.

ಎರಡನೇ ದಾರಿ: ಗಂಟೆ ಲೆಕ್ಕದ ಮಾರ್ಜಿನ್

ಕಾಯಂ ಕೆಲಸದ ಫೀ ಒಂದು ಸಲ ಬರುತ್ತೆ, ಮುಗೀತು. ತಾತ್ಕಾಲಿಕ ಕೆಲಸಗಾರರು, ಅಂದ್ರೆ ಟೆಂಪ್‌ಗಳದ್ದು ಹಾಗಲ್ಲ. ಇಲ್ಲಿ ಕೆಲಸಗಾರರು ಏಜೆನ್ಸಿಯ ಪುಸ್ತಕದಲ್ಲಿರ್ತಾರೆ, ಕೆಲಸ ಮಾಡೋದು ಬೇರೆ ಕಂಪನಿಯಲ್ಲಿ. ಉದಾಹರಣೆಗೆ ಅಂತ ಇಟ್ಕೊಳ್ಳಿ, ಏಜೆನ್ಸಿ ಕಂಪನಿಗೆ ಗಂಟೆಗೆ 125 ಅಂತ ಬಿಲ್ ಹಾಕುತ್ತೆ, ಕೆಲಸಗಾರರಿಗೆ 100 ಕೊಡುತ್ತೆ. ಮಧ್ಯದ 25 ಮಾರ್ಜಿನ್. ಅದರಲ್ಲಿ ವಿಮೆ, ರಜೆ, ಆಫೀಸ್ ಖರ್ಚು ಕಳೀಬೇಕು, ಪೂರ್ತಿ ಲಾಭ ಅಲ್ಲ. ಆದ್ರೆ ಕೆಲಸ ನಡೆಯೋವರೆಗೂ ಪ್ರತಿ ಗಂಟೆಗೂ ಬರ್ತಾನೇ ಇರುತ್ತೆ.

ನಮ್ಮಲ್ಲಿ ಇದಕ್ಕೆ "ಹೊರಗುತ್ತಿಗೆ" ಅಂತಾರೆ. ಆಸ್ಪತ್ರೆಯಲ್ಲಿ, ಸರ್ಕಾರಿ ಕಚೇರಿಯ ಡೇಟಾ ಎಂಟ್ರಿಯಲ್ಲಿ, ಗೋದಾಮಿನಲ್ಲಿ ಎಲ್ಲ ಕಡೆ ಇದ್ದಾರೆ. "ಇಲ್ಲೇ ಕೆಲಸ ಮಾಡ್ತೀನಿ, ಆದ್ರೆ ಇಲ್ಲಿ ಪೇರೋಲಲ್ಲಿಲ್ಲ" ಅಂತ ಹೇಳೋ ಗೆಳೆಯರು ನಿಮಗೂ ಇರ್ತಾರೆ. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರೋ ಟೀಮ್‌ಲೀಸ್ 2002ರಲ್ಲಿ ಶುರುವಾಗಿ, 2016ರಲ್ಲಿ ಷೇರುಪೇಟೆಗೂ ಬಂತು. ಅಷ್ಟು ದೊಡ್ಡ ಉದ್ಯಮ ಇದು.

ಈ ಮಾರ್ಜಿನ್ ವಿಷಯದಲ್ಲಿ ರೀಡ್ ಕಥೆಯಲ್ಲಿ ಒಂದು ದೊಡ್ಡ ಅಧ್ಯಾಯ ಇದೆ. ಅದಕ್ಕೆ ಬರ್ತೀನಿ. ಅದಕ್ಕೂ ಮೊದಲು ಮಾಲೀಕರ ವಿಷಯ.

ನುಂಗಿಸಿಕೊಳ್ಳದೇ ಉಳಿದದ್ದು

ರೀಡ್ ಆ ಬೀದಿಯಲ್ಲಿ ಮೊದಲ ಅಂಗಡಿ ಏನಲ್ಲ. ಲಂಡನ್ನಿನಲ್ಲಿ ಆಲ್‌ಫ್ರೆಡ್ ಮಾರ್ಕ್ಸ್ ಬ್ಯೂರೋ 1919ರಿಂದಲೇ ಇತ್ತು. 1946ರಲ್ಲಿ ಮಾರ್ಜರಿ ಹರ್ಸ್ಟ್ ಅನ್ನೋ ಮಹಿಳೆ ಬ್ರೂಕ್ ಸ್ಟ್ರೀಟ್ ಬ್ಯೂರೋ ಶುರು ಮಾಡಿ ದೊಡ್ಡ ಹೆಸರು ಮಾಡಿದ್ರು. ಮುಂದೆ ಏನಾಯ್ತು? ಆಲ್‌ಫ್ರೆಡ್ ಮಾರ್ಕ್ಸನ್ನ ಸ್ವಿಟ್ಜರ್‌ಲೆಂಡಿನ ಅಡಿಯಾ ಕೊಂಡ್ಕೊಳ್ತು. 1985ರಲ್ಲಿ ಬ್ರೂಕ್ ಸ್ಟ್ರೀಟನ್ನ ಬ್ಲೂ ಆ್ಯರೋ ಅನ್ನೋ ಕಂಪನಿ ಕೊಂಡ್ಕೊಳ್ತು. ಎರಡು ವರ್ಷ ಬಿಟ್ಟು ಅದೇ ಬ್ಲೂ ಆ್ಯರೋ, ತನಗಿಂತ ಎಷ್ಟೋ ದೊಡ್ಡದಾದ ಅಮೆರಿಕದ ಮ್ಯಾನ್‌ಪವರ್ ಕಂಪನಿಯನ್ನ 130 ಕೋಟಿ ಡಾಲರಿಗೆ ಕೊಂಡ್ಕೊಳ್ತು. ಕಪ್ಪೆ ಹೋಗಿ ಆನೆ ನುಂಗಿದ ಹಾಗೆ. ಕೊನೆಗೆ ಅದರ ಹೊಟ್ಟೆಯೇ ಒಡೀತು, ಷೇರು ಮಾರಾಟದ ಹಗರಣ ಕೋರ್ಟ್ ಮೆಟ್ಟಿಲು ಹತ್ತಿತು. ಬ್ರೂಕ್ ಸ್ಟ್ರೀಟ್ ಈಗ ಮ್ಯಾನ್‌ಪವರ್ ಗುಂಪಿನ ಭಾಗ.

ರೀಡ್ ಕೂಡ 1971ರಲ್ಲಿ ಲಂಡನ್ ಷೇರುಪೇಟೆಗೆ ಹೋಯ್ತು. ಆದ್ರೆ ಕಡಿವಾಣ ಕುಟುಂಬದ ಕೈಯಲ್ಲೇ ಉಳೀತು. 2000ದ ದಶಕದ ಶುರುವಿನಲ್ಲಿ ಷೇರುಪೇಟೆಯಿಂದ ಹೊರಗೆ ಬಂದು ಮತ್ತೆ ಖಾಸಗಿ ಕಂಪನಿ ಆಯ್ತು. ಅಷ್ಟರಲ್ಲಿ ಅಲೆಕ್ ಮಗ ಜೇಮ್ಸ್ ರೀಡ್ ಬಂದಾಗಿತ್ತು. 1992ರಲ್ಲಿ ಕಂಪನಿ ಸೇರಿ 1997ರಲ್ಲಿ ಮುಖ್ಯಸ್ಥನಾದ. ಅಪ್ಪನ ಅಂಗಡಿ, ಮಗನ ಗಲ್ಲಾ. ನಮಗೇನು ಹೊಸದಲ್ಲ.

ಹೊಸದಾಗಿರೋದು ಬೇರೆ ಒಂದಿದೆ. ಅಲೆಕ್ ರೀಡ್ ನೌಕರಿ ಧಂದೆ ಜೊತೆಗೆ ಮೆಡಿಕೇರ್ ಅಂತ ಅಂಗಡಿಗಳ ಸರಣಿಯನ್ನೂ ಕಟ್ಟಿದ್ದ. ಅದನ್ನ 1980ರ ದಶಕದಲ್ಲಿ ಮಾರಿದ, ಬಂದ ಹಣದಲ್ಲಿ ಒಂದು ದೊಡ್ಡ ಪಾಲು ದಾನದ ಟ್ರಸ್ಟಿಗೆ ಹಾಕಿದ. ಇವತ್ತು ಅದು ರೀಡ್ ಫೌಂಡೇಶನ್. ರೀಡ್ ಕಂಪನಿಯಲ್ಲಿ ಈ ಫೌಂಡೇಶನ್ನಿನ ಪಾಲು ಶೇ. 18. ಅದಕ್ಕೇ ಅವರ ಕಂಪನಿಯಲ್ಲಿ ಒಂದು ಮಾತಿದೆ, ವಾರದ ಐದು ದಿನದಲ್ಲಿ ಸುಮಾರು ಒಂದು ದಿನ ನಾವು ದಾನಕ್ಕೆ ದುಡೀತೀವಿ ಅಂತ. 1989ರಲ್ಲಿ ಇಥಿಯೋಪಿಯಾಕ್ಕೆ ನೆರವು ಕಳಿಸೋ ಇಥಿಯೋಪಿಯೇಡ್, ಅದೇ ವರ್ಷ ಹೆಣ್ಣುಮಕ್ಕಳ ಹಕ್ಕಿಗಾಗಿ ವುಮನ್‌ಕೈಂಡ್ ವರ್ಲ್ಡ್‌ವೈಡ್, 2007ರಲ್ಲಿ ದಾನ ಸಂಗ್ರಹದ ವೆಬ್‌ಸೈಟ್ ಬಿಗ್ ಗಿವ್. ಎಲ್ಲದರ ಹಿಂದೆಯೂ ಅಲೆಕ್ ಇದ್ದ. 2011ರಲ್ಲಿ ಸರ್ ಪದವಿ ಬಂತು.

ಇದು ಒಳ್ಳೇ ಕೆಲಸ, ಅನುಮಾನ ಇಲ್ಲ. ಆದ್ರೆ ಒಂದು ವಿಷಯ ಬಿಡಿಸಿ ಇಟ್ಕೊಳ್ಳೋಣ. ಲಾಭ ಎಲ್ಲಿಗೆ ಹೋಗುತ್ತೆ ಅನ್ನೋದು ಒಂದು ಪ್ರಶ್ನೆ. ಲಾಭ ಎಲ್ಲಿಂದ ಬಂತು ಅನ್ನೋದು ಬೇರೆಯೇ ಪ್ರಶ್ನೆ. ಮೊದಲನೇದಕ್ಕೆ ಚೆನ್ನಾಗಿ ಉತ್ತರ ಕೊಟ್ಟರೆ ಎರಡನೇದು ತಾನಾಗೇ ಪಾಸ್ ಆಗಲ್ಲ.

ಇಂಟರ್‌ನೆಟ್ ಬಂತು

1995. ನಮ್ಮಲ್ಲಿ ಆ ವರ್ಷ ಆಗಸ್ಟಿನಲ್ಲಷ್ಟೇ ಸಾರ್ವಜನಿಕರಿಗೆ ಇಂಟರ್‌ನೆಟ್ ಬಂತು. ಅದೇ ವರ್ಷ ರೀಡ್ ತನ್ನ ವೆಬ್‌ಸೈಟ್ ತೆರೆದು ಕೆಲಸಗಳನ್ನ ಅಲ್ಲಿ ಹಾಕೋಕೆ ಶುರು ಮಾಡ್ತು. ಹೋಲಿಕೆಗೆ ಹೇಳೋದಾದ್ರೆ ನಮ್ಮ ನೌಕ್ರಿ ಡಾಟ್ ಕಾಮ್ ಬಂದಿದ್ದು 1997ರಲ್ಲಿ.

ಇನ್ನೂ ಮಜಾ ಇರೋದು 2000ದಲ್ಲಿ. ರೀಡ್ ತನ್ನ ಸೈಟನ್ನ ಎಲ್ಲರಿಗೂ ಬಿಟ್ಟುಕೊಡ್ತು. ಯಾವ ಕಂಪನಿ ಬೇಕಾದ್ರೂ ಬಂದು ಕೆಲಸದ ಜಾಹೀರಾತು ಪುಕ್ಕಟೆ ಹಾಕಬಹುದು. ಬೇರೆ ರಿಕ್ರೂಟ್‌ಮೆಂಟ್ ಏಜೆನ್ಸಿಗಳೂ ಹಾಕಬಹುದು. ಅಂದ್ರೆ ನಿಮ್ಮ ದರ್ಶಿನಿಯ ಮುಂದೆ ಎದುರು ಹೋಟೆಲಿನವರಿಗೇ ದೋಸೆ ಕಲ್ಲು ಇಡೋಕೆ ಜಾಗ ಕೊಟ್ಟ ಹಾಗೆ. ಹುಚ್ಚು ಅನ್ಸುತ್ತಲ್ವಾ? ಕಾರಣ ಇದೆ. ಕೆಲಸಗಳು ಎಲ್ಲಿ ಹೆಚ್ಚಿವೆಯೋ ಹುಡುಕೋರು ಅಲ್ಲಿಗೇ ಬರ್ತಾರೆ. ಹುಡುಕೋರು ಬಂದ್ರೆ ಸಿವಿ ಬರುತ್ತೆ. ಸಿವಿ ಇರೋ ಕಡೆ ಕಂಪನಿಗಳು ದುಡ್ಡು ಕೊಟ್ಟಾದ್ರೂ ಬರ್ತವೆ. ನೀವು ಪುಕ್ಕಟೆ ಅಪ್‌ಲೋಡ್ ಮಾಡೋ ರೆಸ್ಯೂಮೆಗೆ ಬೆಲೆ ಇದೆ ಅಂತ ಈ ಉದ್ಯಮಕ್ಕೆ ಆಗಲೇ ಗೊತ್ತಿತ್ತು.

ಇದೇ ಕಾಲದಲ್ಲಿ ಒಂದು ಕೋರ್ಟ್ ಕೇಸ್ ನಡೀತು. ಯೂಟ್ಯೂಬ್ ವಿಡಿಯೋ ಮಾಡೋರು ಗಮನ ಇಟ್ಟು ಕೇಳಿ. ಬ್ರಿಟನ್ನಿನಲ್ಲಿ ಇನ್ನೊಂದು ರೀಡ್ ಇತ್ತು, ರೀಡ್ ಎಲ್ಸೆವಿಯರ್ ಅನ್ನೋ ಪ್ರಕಾಶನ ಸಂಸ್ಥೆ. ಅದರ ಹೆಸರಿನ ಬೇರು ಆಲ್ಬರ್ಟ್ ರೀಡ್ ಅನ್ನೋ ಹಳೇ ಕಾಗದ ತಯಾರಕನದ್ದು, ನಮ್ಮ ಅಲೆಕ್‌ಗೂ ಅದಕ್ಕೂ ಸಂಬಂಧ ಇಲ್ಲ. ಅವರ ಅಂಗಸಂಸ್ಥೆಯೊಂದು ಟೋಟಲ್ ಜಾಬ್ಸ್ ಅಂತ ಜಾಬ್ ಸೈಟ್ ಶುರು ಮಾಡ್ತು. ಆ ಸೈಟಿನ ಒಳಗೆ, ಓದುಗರ ಕಣ್ಣಿಗೆ ಕಾಣದ, ಸರ್ಚ್ ಎಂಜಿನ್ ಮಾತ್ರ ಓದೋ ಜಾಗದಲ್ಲಿ "ರೀಡ್" ಅನ್ನೋ ಹೆಸರು ಇತ್ತು. ಅದಕ್ಕೆ ಮೆಟಾ ಟ್ಯಾಗ್ ಅಂತಾರೆ. ಯಾಹೂನಲ್ಲಿ ಆ ಹೆಸರು ಹುಡುಕಿದ್ರೆ ಇವರ ಜಾಹೀರಾತೂ ಬರ್ತಿತ್ತು. ನಮ್ಮ ಹೆಸರಲ್ಲಿ ಗಿರಾಕಿ ಎಳೀತಿದ್ದೀರಿ ಅಂತ ಅಲೆಕ್ ಕಡೆಯವರು ಕೇಸ್ ಹಾಕಿದ್ರು.

2002ರಲ್ಲಿ ಕೆಳಗಿನ ಕೋರ್ಟಲ್ಲಿ ಗೆದ್ರು. 2004ರಲ್ಲಿ ಮೇಲ್ಮನವಿ ಕೋರ್ಟಲ್ಲಿ ಸೋತ್ರು. ಕೋರ್ಟ್ ಹೇಳಿದ್ದರ ಸಾರ ಇಷ್ಟು: ಹುಡುಕಿದಾಗ ಫಲಿತಾಂಶದ ಪಟ್ಟಿಯಲ್ಲಿ ಬೇರೆ ಸೈಟು ಬಂದ ಮಾತ್ರಕ್ಕೆ ಯಾರೂ ಮೋಸ ಹೋಗಲ್ಲ, ಪಟ್ಟಿಯಲ್ಲಿ ನೂರೆಂಟು ಬರುತ್ತೆ ಅಂತ ಜನಕ್ಕೆ ಗೊತ್ತಿದೆ. ಇವತ್ತು ಎಸ್‌ಇಒ ಅಂತ ಏನನ್ನ ಕರೀತೀವೋ ಅದರ ಮೊದಲ ಜಗಳಗಳಲ್ಲಿ ಇದೂ ಒಂದು.

ಮೂರನೇ ದಾರಿ: ಸರ್ಕಾರದ ದುಡ್ಡು

1998ರಲ್ಲಿ ರೀಡ್ ಇನ್ನೊಂದು ಅಂಗಸಂಸ್ಥೆ ಮಾಡ್ತು, ರೀಡ್ ಇನ್ ಪಾರ್ಟ್‌ನರ್‌ಶಿಪ್. ಆಗ ಟೋನಿ ಬ್ಲೇರ್ ಸರ್ಕಾರ ನಿರುದ್ಯೋಗಿಗಳನ್ನ ಕೆಲಸಕ್ಕೆ ಸೇರಿಸೋ ನ್ಯೂ ಡೀಲ್ ಯೋಜನೆ ತಂದಿತ್ತು. ಅದರ ಕೆಲಸವನ್ನ ಖಾಸಗಿಯವರಿಗೂ ಕೊಡೋಕೆ ಶುರುವಾಯ್ತು. ಈಗ ದುಡ್ಡು ಕೊಡೋರು ಕಂಪನಿಯಲ್ಲ, ಕೆಲಸಗಾರರಲ್ಲ, ಸರ್ಕಾರ.

ಇಂಥ ಯೋಜನೆಗಳಲ್ಲಿ ಬರಬರ್ತಾ ಫಲಿತಾಂಶ ನೋಡಿ ಪಾವತಿ ಅನ್ನೋ ಪದ್ಧತಿ ಬಲವಾಯ್ತು. ಇಷ್ಟು ಜನ ಕೆಲಸಕ್ಕೆ ಸೇರಿದ್ರೆ, ಇಷ್ಟು ತಿಂಗಳು ಅಲ್ಲಿ ಉಳಿದ್ರೆ ಇಷ್ಟು ದುಡ್ಡು. ಒಳ್ಳೇದೇ ಅಲ್ವಾ? ಆದ್ರೆ ಈ ಪದ್ಧತಿ ಬಗ್ಗೆ ಅಲ್ಲಿ ಮತ್ತೆಮತ್ತೆ ಬಂದ ಟೀಕೆ ಒಂದಿದೆ. ಯಾವ ಒಂದು ಕಂಪನಿ ಬಗ್ಗೆಯೂ ಅಲ್ಲ, ಪದ್ಧತಿ ಬಗ್ಗೆಯೇ. ಸುಲಭವಾಗಿ ಕೆಲಸ ಸಿಗೋರನ್ನ ಏಜೆನ್ಸಿಗಳು ಬೇಗ ಸೇರಿಸಿ ದುಡ್ಡು ಎಣಿಸ್ತವೆ, ಆರೋಗ್ಯ ಸರಿ ಇಲ್ಲದವರು, ವಯಸ್ಸಾದವರು, ವರ್ಷಗಟ್ಟಲೆ ಕೆಲಸ ಬಿಟ್ಟವರು ಬೆಂಚಿನಲ್ಲೇ ಉಳೀತಾರೆ. ನಮ್ಮಲ್ಲಿ ಕೆಲವು ಕಾಲೇಜುಗಳ ಪ್ಲೇಸ್‌ಮೆಂಟ್ ಬ್ಯಾನರ್ ನೋಡಿ. ಕೆಲಸ ಹೇಗೂ ಸಿಗ್ತಿದ್ದ ಹುಡುಗರ ಫೋಟೋನೇ ಅಲ್ವಾ ದೊಡ್ಡದಾಗಿರೋದು?

158 ಮಿಲಿಯನ್ ಪೌಂಡಿನ ಪಾಠ

ಈಗ ಆಗಲೇ ಹೇಳಿದ ಆ ದೊಡ್ಡ ಅಧ್ಯಾಯ. ಬಿ.ಕಾಂನವರಿಗೆ ಹಬ್ಬ, ಉಳಿದವರು ಎರಡು ನಿಮಿಷ ಸಹಿಸ್ಕೊಳ್ಳಿ.

ಮನೆಯಿಂದ ಕಾಯಂ ಆಫೀಸಿಗೆ ಓಡಾಡೋ ಖರ್ಚಿಗೆ ಬ್ರಿಟನ್ನಿನಲ್ಲಿ ತೆರಿಗೆ ವಿನಾಯಿತಿ ಇಲ್ಲ. ಆದ್ರೆ ಕಂಪನಿ ನಿಮ್ಮನ್ನ ತಾತ್ಕಾಲಿಕವಾಗಿ ಬೇರೆ ಜಾಗಕ್ಕೆ ಕಳಿಸಿದ್ರೆ ಆ ಓಡಾಟದ ಖರ್ಚಿಗೆ ಇದೆ. ರೀಡ್ ಇದನ್ನ ಹಿಡ್ಕೊಂಡು ತನ್ನ ಟೆಂಪ್‌ಗಳಿಗೆ ಒಂದು ಸ್ಕೀಮ್ ಮಾಡ್ತು. ಸಂಬಳದ ಒಂದು ಭಾಗವನ್ನ ಸಂಬಳ ಅನ್ನೋದರ ಬದಲು ಪ್ರಯಾಣ ಭತ್ಯೆ ಅಂತ ಕೊಡೋದು. ಕೈಗೆ ಬರೋ ದುಡ್ಡಿಗೆ ಹೆಸರು ಬದಲಾದ್ರೆ ತೆರಿಗೆ ಕಮ್ಮಿ, ರಾಷ್ಟ್ರೀಯ ವಿಮೆ ಕಂತೂ ಕಮ್ಮಿ. ಉಳಿದದ್ದರಲ್ಲಿ ಸ್ವಲ್ಪ ಕೆಲಸಗಾರರಿಗೆ, ಒಂದು ಒಳ್ಳೇ ಪಾಲು ಕಂಪನಿಗೆ. ಗುಟ್ಟಾಗಿ ಮಾಡಿದ್ದೇನಲ್ಲ, ತೆರಿಗೆ ಇಲಾಖೆಯಿಂದ ಅನುಮತಿ ಪತ್ರವನ್ನೂ ತಗೊಂಡಿದ್ರು. ಆಮೇಲೆ ಇಲಾಖೆ ಮನಸ್ಸು ಬದಲಾಯಿಸ್ತು, ತಕರಾರು ಶುರುವಾಯ್ತು.

2012ರಲ್ಲಿ ತೆರಿಗೆ ನ್ಯಾಯಮಂಡಳಿ ರೀಡ್ ವಿರುದ್ಧ ತೀರ್ಪು ಕೊಡ್ತು. 2015ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡೀತು. ಪಣಕ್ಕಿದ್ದ ಮೊತ್ತ 158 ಮಿಲಿಯನ್ ಪೌಂಡ್, ಅಂದ್ರೆ 15 ಕೋಟಿ 80 ಲಕ್ಷ ಪೌಂಡ್. ಭತ್ಯೆ ಅಂತ ಕರೆದ ಮಾತ್ರಕ್ಕೆ ಅದು ಭತ್ಯೆ ಆಗಲ್ಲ, ಅದು ಸಂಬಳವೇ ಅನ್ನೋದು ನಿರ್ಣಯ. ಜೊತೆಗೆ ಇನ್ನೊಂದು ಮಾತು: ಟೆಂಪ್ ಇವತ್ತು ಒಂದು ಕಡೆ, ಮುಂದಿನ ತಿಂಗಳು ಇನ್ನೊಂದು ಕಡೆ ಹೋಗೋದು ಒಂದೇ ನೌಕರಿಯ ಪ್ರವಾಸ ಅಲ್ಲ, ಪ್ರತಿಯೊಂದೂ ಬೇರೆಬೇರೆ ಕೆಲಸ.

ಯೋಚಿಸಿ ನೋಡಿ. ಇದೇ ಕಂಪನಿ ತನ್ನ ಶೇ. 18 ಪಾಲನ್ನ ದಾನದ ಸಂಸ್ಥೆ ಹೆಸರಲ್ಲಿ ಇಟ್ಟಿದೆ. ಇದೇ ಕಂಪನಿ ಟೆಂಪ್‌ಗಳ ಪೇ ಸ್ಲಿಪ್ಪಿನಲ್ಲಿ ಈ ಲೆಕ್ಕ ಮಾಡಿದೆ. ಒಂದು ಮುಖ ನಿಜ, ಇನ್ನೊಂದು ಸುಳ್ಳು ಅಂತ ಅಲ್ಲ, ಎರಡೂ ನಿಜವೇ. ಅಲ್ಲಿ ಕೂತವರು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ನಾನು ಹೇಳೋದು ಇಷ್ಟೇ: ಮಧ್ಯದಲ್ಲಿ ನಿಂತವರ ಒಳ್ಳೇತನ ನಂಬ್ಕೊಂಡು ಕೂರೋಕಾಗಲ್ಲ. ಯಾರು ಯಾರಿಗೆ ಎಷ್ಟು ಕೊಡಬೇಕು ಅನ್ನೋ ಗೆರೆ ಗಟ್ಟಿಯಾಗಿರಬೇಕು. 1973ರ ಕಾಯ್ದೆ ಅಂಥ ಒಂದು ಗೆರೆ. 2015ರ ತೀರ್ಪು ಇನ್ನೊಂದು. ಒಂದು ಏಜೆನ್ಸಿ ಅರವತ್ತು ವರ್ಷ ನೆಟ್ಟಗೆ ನಡೆದಿದ್ರೆ ಅದರಲ್ಲಿ ಮಾಲೀಕರ ಗುಣದ ಜೊತೆಗೆ ಆ ಗೆರೆಗಳ ಪಾಲೂ ಇದೆ.

ಹಾಗಾದ್ರೆ ನಾವೇನು ಮಾಡ್ಬೇಕು?

ಈಗ ನಮ್ಮ ಕಡೆ ಬರೋಣ. ವಾಟ್ಸಾಪಿನಲ್ಲಿ "ದೊಡ್ಡ ಕಂಪನಿಯಲ್ಲಿ ನೇರ ಆಯ್ಕೆ" ಅಂತ ಮೆಸೇಜ್ ಬರುತ್ತೆ. ರಿಜಿಸ್ಟ್ರೇಷನ್ ಫೀ, ಟ್ರೈನಿಂಗ್ ಫೀ, ಲ್ಯಾಪ್‌ಟಾಪ್ ಡೆಪಾಸಿಟ್, ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಫೀ. ಹೆಸರು ಏನೇ ಇರ್ಲಿ, ದುಡ್ಡು ಹೋಗೋದು ನಮ್ಮ ಜೇಬಿಂದ. ಮುಂದಿನ ಸಲ ಇಂಥದ್ದು ಬಂದಾಗ ಮೂರು ಪ್ರಶ್ನೆ ಕೇಳಿ.

ಒಂದು, ನಿಮಗೆ ಫೀ ಯಾರು ಕೊಡ್ತಾರೆ? ಕಂಪನಿ ಕೊಡುತ್ತೆ ಅಂದ್ರೆ ಸರಿ. ಹಾಗಾದ್ರೆ ನನ್ನ ಹತ್ತಿರ ಯಾಕೆ ಕೇಳ್ತಿದ್ದೀರಿ? ನಾನು ಕೊಡಬೇಕು ಅಂದ್ರೆ ಅವರಿಗೆ ಜನ ಬೇಕು ಅಂತ ಕೇಳಿದ ಕಂಪನಿಯೇ ಇಲ್ಲದಿರಬಹುದು. ಜನ ನಿಜವಾಗ್ಲೂ ಬೇಕಾದ ಕಂಪನಿ ತಾನೇ ದುಡ್ಡು ಕೊಡುತ್ತೆ. 1960ರ ಹೌನ್ಸ್ಲೋ ಪಾಯಿಂಟ್ ನೆನಪಿದೆ ತಾನೆ?

ಎರಡು, ನಾನು ಯಾರ ಪೇರೋಲಲ್ಲಿರ್ತೀನಿ? ಆಫರ್ ಲೆಟರಿನಲ್ಲಿ ಯಾರ ಹೆಸರಿದೆ, ಪಿಎಫ್ ಯಾರು ಕಟ್ತಾರೆ, ಗುತ್ತಿಗೆ ಎಷ್ಟು ತಿಂಗಳು. ಹೊರಗುತ್ತಿಗೆ ಕೆಲಸ ಅಂದ ತಕ್ಷಣ ಬೇಡ ಅನ್ಬೇಕಾಗಿಲ್ಲ, ಎಷ್ಟೋ ಜನರ ಮೊದಲ ಮೆಟ್ಟಿಲು ಅದೇ. ಆದ್ರೆ ಮೆಟ್ಟಿಲು ಯಾವ ಮನೇದು ಅಂತ ಗೊತ್ತಿರ್ಬೇಕು.

ಮೂರು, ಪೇ ಸ್ಲಿಪ್ಪಿನ ಪ್ರತಿ ಸಾಲಿಗೂ ಅರ್ಥ ಏನು? ಬೇಸಿಕ್ ಎಷ್ಟು, ಭತ್ಯೆ ಎಷ್ಟು, ಕಡಿತ ಯಾತಕ್ಕೆ. ಒಂದು ಸಾಲಿನ ಹೆಸರು ಬದಲಾದ್ರೆ ಎಷ್ಟು ಕೋಟಿಯ ಕೇಸ್ ಆಗುತ್ತೆ ಅಂತ ಈಗ ತಾನೇ ಕೇಳಿದ್ರಲ್ಲ.

ಗಲ್ಫಿಗೆ, ಬೇರೆ ದೇಶಕ್ಕೆ ಹೋಗೋ ಯೋಚನೆಯಲ್ಲಿರೋರಿಗೆ, ವಿಶೇಷವಾಗಿ ನಮ್ಮ ಕರಾವಳಿ ಕಡೆಯ ಗೆಳೆಯರಿಗೆ ಇನ್ನೊಂದು ಮಾತು. 1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ವಿದೇಶಕ್ಕೆ ಜನ ಕಳಿಸೋ ಏಜೆಂಟರು ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಅವರು ನಿಮ್ಮಿಂದ ತಗೊಳ್ಳಬಹುದಾದ ಸೇವಾ ಶುಲ್ಕಕ್ಕೆ ಮಿತಿ ಇದೆ: 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಲಕ್ಷಗಳಲ್ಲಿ ಕೇಳಿದ್ರೆ ಅಲ್ಲೇ ನಿಲ್ಲಿಸಿ. ಏಜೆಂಟರ ಹೆಸರು ಇ-ಮೈಗ್ರೇಟ್ ಪೋರ್ಟಲಿನಲ್ಲಿ ಇದೆಯಾ ಅಂತ ಮೊಬೈಲಲ್ಲೇ ನೋಡಬಹುದು. ದುಡ್ಡು ಕಟ್ಟಿದ್ರೆ ರಸೀದಿ ಕೇಳಿ. ಆನ್‌ಲೈನಲ್ಲಿ ಈಗಾಗ್ಲೇ ಮೋಸ ಹೋಗಿದ್ರೆ ನಾಚ್ಕೊಂಡು ಕೂರಬೇಡಿ, ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಎಷ್ಟು ಬೇಗ ಹೇಳ್ತೀರೋ ದುಡ್ಡು ತಡೆಹಿಡಿಯೋ ಸಾಧ್ಯತೆ ಅಷ್ಟು ಹೆಚ್ಚು.

ಕೊನೆಯದಾಗಿ ಒಂದು ಮಾತು. ಕೆಲಸ ಇಲ್ಲದೆ ಆರು ತಿಂಗಳು ಮನೇಲಿ ಕೂತಾಗ ಎರಡು ಸಾವಿರ ದೊಡ್ಡ ಮೊತ್ತ ಅನ್ಸಲ್ಲ. ಹೋದ್ರೆ ಹೋಗ್ಲಿ, ಸಿಕ್ಕಿದ್ರೆ ಬದುಕು ಅನ್ಸುತ್ತೆ. ಮೋಸ ಮಾಡೋರಿಗೆ ಬೇಕಾಗಿರೋದೂ ಆ ಒಂದು ಕ್ಷಣವೇ. ಆಗ ನೆನಪಿಟ್ಕೊಳ್ಳಿ, ಕೆಲಸ ಅನ್ನೋದು ಕೊಂಡ್ಕೊಳ್ಳೋ ವಸ್ತು ಅಲ್ಲ. ಅಲ್ಲಿ ಮಾರೋಕೆ ಬಂದಿರೋರು ನೀವು, ನಿಮ್ಮ ದುಡಿಮೆಯನ್ನ. ಮಾರೋಕೆ ಬಂದವರ ಹತ್ರಾನೇ ದುಡ್ಡು ಕೇಳಿದ್ರೆ ಆ ಸಂತೆಯಲ್ಲಿ ನಿಲ್ಲಬೇಡಿ.

ಕೆಲಸ ಹುಡುಕ್ತಿರೋ ಒಬ್ಬ ಗೆಳೆಯರಿಗೋ ಗೆಳತಿಗೋ ಈ ಸಂಚಿಕೆ ಕಳಿಸಿ. ಮುಂದಿನ ವಾರ ಪಿಎಫ್ ಪಾಸ್‌ಬುಕ್ ಓದೋದು ಹೇಗೆ ಅಂತ ನೋಡೋಣ. ಅಲ್ಲಿವರೆಗೂ ಹುಷಾರಾಗಿರಿ, ಸಿಗೋಣ, ನಮಸ್ಕಾರ.